14 ಗೆಲುವು, 0 ಪಾಯಿಂಟ್: ರಗ್ಬಿ ಲೀಗ್‌ನಲ್ಲಿ ಸಂಬಳದ ಮಿತಿ ಮುರಿದಾಗ ಪೆಟ್ಟು ಬೀಳುವುದು ಯಾರಿಗೆ?

ಆಸ್ಟ್ರೇಲಿಯಾದ ರಗ್ಬಿ ಲೀಗ್‌ನ 2010ರ ಪಾಯಿಂಟ್ಸ್ ಟೇಬಲ್ ತೆಗೆದು ನೋಡಿ. ಕೊನೆಯ ಸಾಲಿನಲ್ಲಿ ಮೆಲ್ಬರ್ನ್ ಸ್ಟಾರ್ಮ್ ಇದೆ. ಆಡಿದ್ದು 24 ಪಂದ್ಯ, ಗೆದ್ದದ್ದು 14, ಪಾಯಿಂಟ್ 0. ಅಷ್ಟು ಪಂದ್ಯ ಗೆದ್ದ ಬೇರೆ ತಂಡಗಳು ಆ ವರ್ಷ ಫೈನಲ್ಸ್ ಸುತ್ತಿಗೆ ಹೋದವು. ಸ್ಟಾರ್ಮ್ ಕೊನೆಯ ಸ್ಥಾನದಲ್ಲಿ ಕೂತಿತು.

ಅದು ಅಚ್ಚಿನ ತಪ್ಪಲ್ಲ. 2010ರ ಏಪ್ರಿಲ್ 22ರಂದು ಎನ್‌ಆರ್‌ಎಲ್, ಅಂದರೆ ಅಲ್ಲಿನ ನ್ಯಾಷನಲ್ ರಗ್ಬಿ ಲೀಗ್, ಸ್ಟಾರ್ಮ್ ಮೇಲೆ ಶಿಕ್ಷೆ ಪ್ರಕಟಿಸಿತು. ಆಟಗಾರರ ಸಂಬಳಕ್ಕೆ ಇಟ್ಟಿದ್ದ ಮಿತಿಯನ್ನು ಈ ಕ್ಲಬ್ ವರ್ಷಗಟ್ಟಲೆ ಕದ್ದುಮುಚ್ಚಿ ಮುರಿದಿತ್ತು. 2007 ಮತ್ತು 2009ರ ಪ್ರೀಮಿಯರ್‌ಶಿಪ್, ಅಂದರೆ ಚಾಂಪಿಯನ್ ಪಟ್ಟ, ಎರಡೂ ಹೋದವು. 2006, 2007, 2008ರಲ್ಲಿ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ಗೌರವವೂ ಹೋಯಿತು. ದಂಡ ಮತ್ತು ವಾಪಸ್ ಕೊಡಬೇಕಾದ ಬಹುಮಾನದ ಹಣ ಸೇರಿ 16 ಲಕ್ಷ 89 ಸಾವಿರ ಡಾಲರ್. ಜೊತೆಗೆ, ಆ ಸೀಸನ್‌ನಲ್ಲಿ ಅಲ್ಲಿಯವರೆಗೆ ಗಳಿಸಿದ್ದ 8 ಪಾಯಿಂಟ್ ರದ್ದು. ಮುಂದೆ ಎಷ್ಟೇ ಗೆದ್ದರೂ ಒಂದು ಪಾಯಿಂಟೂ ಇಲ್ಲ.

ಮೂರೇ ದಿನ ಕಳೆದು ಆನ್‌ಜ್ಯಾಕ್ ದಿನ, ಅಂದರೆ ಯುದ್ಧದಲ್ಲಿ ಮಡಿದ ಸೈನಿಕರನ್ನು ಅಲ್ಲಿನವರು ನೆನೆಯುವ ದಿನ, ಬಂತು. ಪಾಯಿಂಟೇ ಸಿಗದ ಪಂದ್ಯ ಆಡಲು ಮೈದಾನಕ್ಕಿಳಿದ ಆ ತಂಡ ನ್ಯೂಜಿಲೆಂಡ್ ವಾರಿಯರ್ಸನ್ನು 40-6ರಿಂದ ಸೋಲಿಸಿತು. ಆ ಸ್ಕೋರ್ ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಕಾಡುತ್ತದೆ. ಮೋಸ ಮಾಡಿದವರು ಯಾರು? ಅನುಭವಿಸಿದವರು ಯಾರು?

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ರಗ್ಬಿಯಲ್ಲಿ ಎರಡು ಬಗೆ. 15 ಜನ ಆಡುವುದು ರಗ್ಬಿ ಯೂನಿಯನ್, 13 ಜನ ಆಡುವುದು ರಗ್ಬಿ ಲೀಗ್. ಲೀಗ್‌ನಲ್ಲಿ ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ. ಅವನು ಎದ್ದು ಮತ್ತೆ ಚೆಂಡನ್ನು ಆಟಕ್ಕೆ ಬಿಡುತ್ತಾನೆ. ಹೀಗೆ ಆರು ಸಲ ಹಿಡಿಸಿಕೊಂಡರೆ ಚೆಂಡು ಎದುರು ತಂಡಕ್ಕೆ ಹೋಗುತ್ತದೆ. ಕಬಡ್ಡಿ ನೋಡಿ ಬೆಳೆದ ನಮಗೆ ಅದರ ಹಿಡಿತ, ತಳ್ಳಾಟ ಬೇಗ ಅರ್ಥವಾಗುತ್ತದೆ. ಸಿಡ್ನಿ, ಬ್ರಿಸ್ಬೇನ್ ಮತ್ತು ಇಂಗ್ಲೆಂಡಿನ ಉತ್ತರ ಭಾಗದ ಊರುಗಳಲ್ಲಿ ಇದು ಮನೆಮನೆಯ ಆಟ. ಮೆಲ್ಬರ್ನ್ ಮಾತ್ರ ಬೇರೆ. ಅದು ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಊರು. ಅಂಥ ಕಡೆ 1998ರಲ್ಲಿ ಮೊದಲ ಸೀಸನ್ ಆಡಿದ ಸ್ಟಾರ್ಮ್, ಮರುವರ್ಷವೇ ಚಾಂಪಿಯನ್ ಆಗಿತ್ತು.

ಇನ್ನು ಸ್ಯಾಲರಿ ಕ್ಯಾಪ್ ವಿಷಯ. ಒಂದು ಕ್ಲಬ್ ತನ್ನ ಮುಖ್ಯ ಆಟಗಾರರೆಲ್ಲರಿಗೂ ಸೇರಿ ವರ್ಷಕ್ಕೆ ಇಷ್ಟೇ ಸಂಬಳ ಕೊಡಬೇಕು, ಅದಕ್ಕಿಂತ ಜಾಸ್ತಿ ಕೊಡುವಂತಿಲ್ಲ ಎಂಬ ಮಿತಿ ಅದು. ಐಪಿಎಲ್‌ನ ಪರ್ಸ್ ನಮಗೆ ಗೊತ್ತೇ ಇದೆ. 2025ರ ಹರಾಜಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಅಂತ ಕಟ್ಟಿ ಕೊಟ್ಟಿದ್ದರಲ್ಲ, ಲೆಕ್ಕ ಅದೇ ಥರದ್ದು. ಸಿಡ್ನಿಯ ಲೀಗ್‌ನಲ್ಲಿ ಈ ಮಿತಿ 1990ರಲ್ಲೇ ಬಂತು. ಎನ್‌ಆರ್‌ಎಲ್‌ನಲ್ಲಿ 2023ರ ಮಿತಿ 30 ಆಟಗಾರರಿಗೆ 1 ಕೋಟಿ 21 ಲಕ್ಷ ಆಸ್ಟ್ರೇಲಿಯನ್ ಡಾಲರ್ ಇತ್ತು.

ಇದನ್ನು ತಂದದ್ದಕ್ಕೆ ಎರಡು ಕಾರಣ. ಒಂದು, ಕ್ಲಬ್‌ಗಳು ಪೈಪೋಟಿಗೆ ಬಿದ್ದು ಸಾಲ ಮಾಡಿ ಮುಳುಗಬಾರದು. ಎರಡು, ದುಡ್ಡಿರುವ ಕ್ಲಬ್ಬೇ ಒಳ್ಳೆ ಆಟಗಾರರನ್ನೆಲ್ಲ ಬಾಚಿಕೊಳ್ಳಬಾರದು. 1990ರ ಸುಮಾರಿಗೆ ಇದರ ಜೊತೆ ಇನ್ನೊಂದು ಉಪಾಯವನ್ನೂ ತಂದಿದ್ದರು. ಅದು ಡ್ರಾಫ್ಟ್. ಕರಾರು ಮುಗಿದ ಆಟಗಾರ ಯಾವ ಕ್ಲಬ್‌ಗೆ ಹೋಗಬೇಕು ಎಂಬುದು ಸರದಿಯ ಮೇಲೆ ತೀರ್ಮಾನವಾಗುತ್ತಿತ್ತು. ಆಟಗಾರರು ಕೋರ್ಟಿಗೆ ಹೋದರು. ನಾವು ಎಲ್ಲಿ ಕೆಲಸ ಮಾಡಬೇಕು ಅಂತ ಇನ್ಯಾರೋ ಹೇಗೆ ಹೇಳುತ್ತಾರೆ ಎಂಬುದು ಅವರ ವಾದ. 1991ರಲ್ಲಿ ಕೋರ್ಟು ಅವರ ಮಾತಿಗೇ ಬೆಲೆ ಕೊಟ್ಟು ಡ್ರಾಫ್ಟನ್ನು ತಳ್ಳಿಹಾಕಿತು. ಕೋರ್ಟು ಸರಿಯಾಗೇ ಹೇಳಿತು ಎಂದು ನನ್ನ ಭಾವನೆ. ಆದರೆ ಅಲ್ಲಿಂದಾಚೆ ತಂಡಗಳ ನಡುವೆ ಸಮತೋಲನ ಕಾಯುವ ಭಾರವೆಲ್ಲ ಸಂಬಳದ ಮಿತಿಯ ಹೆಗಲ ಮೇಲೆ ಬಿತ್ತು. ಈ ಮಿತಿ ಸಡಿಲವಾದರೆ ಹಿಡಿದು ನಿಲ್ಲಿಸುವುದಕ್ಕೆ ಬೇರೇನೂ ಇಲ್ಲ.

ಮಿತಿ ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಬ್ರಿಸ್ಬೇನ್ ಬ್ರಾಂಕೋಸ್ 1992-93ರಲ್ಲಿ ಸತತ ಎರಡು ವರ್ಷ ಗೆದ್ದ ಮೇಲೆ, ಎಲ್ಲ ತಂಡಗಳೂ ಒಟ್ಟಾಗಿ ಆಡುವ ಲೀಗ್‌ನಲ್ಲಿ ಅದನ್ನು ಮತ್ತೆ ಮಾಡಿ ತೋರಿಸಲು 2019ರವರೆಗೆ ಕಾಯಬೇಕಾಯಿತು. ಆಗ ಮಾಡಿದ್ದು ಸಿಡ್ನಿ ರೂಸ್ಟರ್ಸ್. ಆಮೇಲೆ ಪೆನ್ರಿತ್ 2021ರಿಂದ 2024ರವರೆಗೆ ನಾಲ್ಕೂ ವರ್ಷ ಗೆದ್ದಿತು. ಆದರೆ ಪ್ರತಿ ಗೆಲುವಿಗೂ ಅದು ಒಂದು ಬೆಲೆ ಕೊಟ್ಟಿತು. ಗೆದ್ದ ತಂಡದ ಆಟಗಾರನ ಸಂಬಳ ಏರುತ್ತದೆ, ಮಿತಿ ಏರುವುದಿಲ್ಲ. ಹಾಗಾಗಿ ಮ್ಯಾಟ್ ಬರ್ಟನ್ ಹೋದರು, ವಿಲಿಯಾಮೆ ಕಿಕಾವ್ ಹೋದರು, ಆಪಿ ಕೊರೊಯ್ಸಾವು ಹೋದರು, ಸ್ಟೀಫನ್ ಕ್ರೈಟನ್ ಹೋದರು, ಜರೋಮ್ ಲುವಾಯ್ ಹೋದರು. ಪೆನ್ರಿತ್ ತನ್ನ ಸುತ್ತಲಿನ ಬಡಾವಣೆಗಳ ಹುಡುಗರನ್ನು ತಂದು ಖಾಲಿ ಜಾಗ ತುಂಬುತ್ತಾ ಬಂತು.

ಮಿತಿಯೊಳಗೆ ನಡೆಯುವ ಕ್ಲಬ್‌ನ ಕಷ್ಟ ಇದೇ. ಕಣ್ಣೆದುರೇ ಬೆಳೆದ ಹುಡುಗನನ್ನು, ಅವನಿಗೂ ಹೋಗಲು ಮನಸ್ಸಿಲ್ಲದಿದ್ದಾಗ, ಹೋಗಿ ಬಾ ಅನ್ನಬೇಕು. ಸ್ಟಾರ್ಮ್ ಆಡಳಿತಗಾರರು ಆ ಮಾತು ಹೇಳಲಿಲ್ಲ.

ಅವರ ಹತ್ತಿರ ಇದ್ದವರು ಎಂಥವರು ಅಂದರೆ ಕ್ಯಾಮರಾನ್ ಸ್ಮಿತ್, ಬಿಲ್ಲಿ ಸ್ಲೇಟರ್, ಕೂಪರ್ ಕ್ರಾಂಕ್, ಗ್ರೆಗ್ ಇಂಗ್ಲಿಸ್. ಈ ಯಾರನ್ನೂ ಸ್ಟಾರ್ ಆದ ಮೇಲೆ ದುಡ್ಡು ಸುರಿದು ತಂದದ್ದಲ್ಲ. ಚಿಕ್ಕ ವಯಸ್ಸಿನಲ್ಲೇ ಗುರುತಿಸಿ, ಕೋಚ್ ಕ್ರೇಗ್ ಬೆಲ್ಲಮಿ ಕೈಕೆಳಗೆ ತಿದ್ದಿ ತೀಡಿದ್ದು. ಅವರೆಲ್ಲ ಒಟ್ಟಿಗೇ ದೊಡ್ಡ ಆಟಗಾರರಾದರು. ಎಲ್ಲರನ್ನೂ ಮಿತಿಯೊಳಗೆ ಇಟ್ಟುಕೊಳ್ಳುವುದು ಆಗದ ಮಾತಾಯಿತು. ಆಗ ಕ್ಲಬ್‌ನ ಆಫೀಸಿನಲ್ಲಿ ಎರಡು ಲೆಕ್ಕ ಶುರುವಾದವು. ಲೀಗ್‌ಗೆ ತೋರಿಸುವ ಕರಾರು ಒಂದು. ಬೇರೆ ಕಡೆ ಬಚ್ಚಿಟ್ಟ ಪತ್ರಗಳು ಇನ್ನೊಂದು. ಆ ಪತ್ರಗಳಲ್ಲಿ ಇಂತಿಷ್ಟು ಹಣ ಬೇರೆ ದಾರಿಯಿಂದ ಕೊಡುತ್ತೇವೆ ಎಂಬ ಮಾತು ಇತ್ತು.

ನಮ್ಮೂರಲ್ಲಿ ಸೈಟ್ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಜಿಸ್ಟ್ರಾರ್ ಮುಂದೆ ತೋರಿಸುವ ಬೆಲೆ ಒಂದು, ಕೈಯಿಂದ ಕೈಗೆ ಹೋಗುವುದು ಇನ್ನೊಂದು. ಅಲ್ಲಿ ನಷ್ಟ ಸರ್ಕಾರಕ್ಕೆ. ಇಲ್ಲಿ ನಷ್ಟ ಎದುರು ತಂಡಕ್ಕೆ. ಎದುರು ತಂಡದವರು ಅದೇ ಮಿತಿಯೊಳಗೆ ನಡೆದು, ತಮ್ಮವನನ್ನು ಕಳಿಸಿಕೊಟ್ಟು, ಮೈದಾನಕ್ಕೆ ಬಂದಿರುತ್ತಾರೆ.

ಮಿತಿ ಮೀರಿ ಕೊಟ್ಟ ಹಣ ಎಷ್ಟು? ಮೊದಲು ಸಿಕ್ಕ ಲೆಕ್ಕ ಐದು ವರ್ಷಕ್ಕೆ ಸುಮಾರು 17 ಲಕ್ಷ ಡಾಲರ್. ಡೆಲಾಯ್ಟ್ ಸಂಸ್ಥೆ ಕೂತು ಲೆಕ್ಕ ತೆಗೆದಾಗ ಅದು 31 ಲಕ್ಷ 70 ಸಾವಿರ ಡಾಲರ್ ಆಯಿತು. ಆಗ ಒಂದು ತಂಡದ ಇಡೀ ವರ್ಷದ ಮಿತಿಯೇ ಸುಮಾರು 41 ಲಕ್ಷ. ಅಂದರೆ ಸುಮ್ನೆ ಒಂದೆರಡು ಬಿಲ್ ಆಚೀಚೆ ಆದದ್ದಲ್ಲ.

ಇದರಲ್ಲಿ ಇನ್ನೊಂದು ತೊಡಕೂ ಇತ್ತು. ಸ್ಟಾರ್ಮ್ ಕ್ಲಬ್‌ನ ಮಾಲೀಕರು ನ್ಯೂಸ್ ಲಿಮಿಟೆಡ್ ಎಂಬ ಮಾಧ್ಯಮ ಕಂಪನಿ. ಎನ್‌ಆರ್‌ಎಲ್‌ನಲ್ಲಿ ಅರ್ಧ ಪಾಲು ಇದ್ದದ್ದೂ ಅದೇ ನ್ಯೂಸ್ ಲಿಮಿಟೆಡ್‌ಗೆ. ತಮಗೂ ಮೋಸವಾಗಿದೆ ಎಂದು ಕಂಪನಿ ಹೇಳಿತು, ಲೆಕ್ಕ ತೆಗೆಸಿದ್ದೂ ಅದೇ. ಆದರೆ ಕ್ಲಬ್‌ನ ನಾಲ್ವರು ಸ್ವತಂತ್ರ ನಿರ್ದೇಶಕರು ಶಿಕ್ಷೆಯ ರೀತಿಯನ್ನೇ ಪ್ರಶ್ನಿಸಿ ಕೋರ್ಟಿಗೆ ಹೋದರು. ಅವರ ಮುಖ್ಯ ದೂರು, ನಮ್ಮ ಮಾತನ್ನು ಕೇಳದೆಯೇ ತೀರ್ಪು ಕೊಟ್ಟಿರಿ ಎಂಬುದು. ಜುಲೈನಲ್ಲಿ ಮಾಲೀಕರು ಆ ನಾಲ್ವರನ್ನೂ ತೆಗೆದುಹಾಕಿದರು. ಕ್ಲಬ್ ತಪ್ಪು ಮಾಡಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಮಾಡಿತ್ತು. ಆದರೆ ಒಂದೇ ಮನೆಯವರು ಆಟಗಾರನ ಕಡೆಯೂ ಅಂಪೈರ್ ಕಡೆಯೂ ಇದ್ದಾಗ, ಸರಿಯಾದ ತೀರ್ಪಿನ ಮೇಲೂ ಜನಕ್ಕೆ ಅನುಮಾನ ಉಳಿದುಬಿಡುತ್ತದೆ.

ಈಗ ಶಿಕ್ಷೆಯನ್ನೇ ಬಿಡಿಸಿ ನೋಡೋಣ. ಅದರಲ್ಲಿ ಎರಡು ಭಾಗ ಇದೆ. ಜನ ಎರಡನ್ನೂ ಒಂದೇ ಅಂತ ಮಾತಾಡುತ್ತಾರೆ, ಹಾಗಲ್ಲ.

ಮೊದಲನೆಯದು, ಗೆದ್ದ ಪ್ರಶಸ್ತಿ ಕಿತ್ತುಕೊಂಡದ್ದು. ಇದು ಸರಿ ಎಂದೇ ನನ್ನ ಅಭಿಪ್ರಾಯ. ಮಿತಿ ಮೀರಿದ ತಂಡವಿಟ್ಟುಕೊಂಡು ಗೆದ್ದದ್ದು ಗೆಲುವಲ್ಲ. ಅಷ್ಟು ಚೆನ್ನಾಗಿ ಆಡಿದರಲ್ಲ, ಆಟಗಾರರದ್ದೇನು ತಪ್ಪು ಎಂದು ಸ್ಟಾರ್ಮ್ ಅಭಿಮಾನಿಗಳು ಇವತ್ತಿಗೂ ಕೇಳುತ್ತಾರೆ. ಅವರ ನೋವು ನಿಜ. 2007ರ ಫೈನಲ್‌ನ ಶ್ರೇಷ್ಠ ಆಟಗಾರ ಇಂಗ್ಲಿಸ್, 2009ರ ಫೈನಲ್‌ನ ಶ್ರೇಷ್ಠ ಆಟಗಾರ ಸ್ಲೇಟರ್. ಆ ಪದಕಗಳನ್ನು ಲೀಗ್ ವಾಪಸ್ ಕೇಳಲಿಲ್ಲ. ಒಬ್ಬೊಬ್ಬರ ಆಟ ಅವರದ್ದೇ, ಅದನ್ನು ಯಾರೂ ಸುಳ್ಳೆನ್ನಲಿಲ್ಲ. ಸುಳ್ಳಾದದ್ದು ಅವರೆಲ್ಲರೂ ಒಂದೇ ತಂಡದಲ್ಲಿ ಉಳಿದ ರೀತಿ.

ಎರಡನೆಯದು, 2010ರ ಇಡೀ ಸೀಸನ್‌ಗೆ ಪಾಯಿಂಟ್ ಇಲ್ಲ ಎಂದದ್ದು. ಇದನ್ನು ಒಪ್ಪುವುದು ನನಗೆ ಕಷ್ಟ. ಲೀಗ್ ಹಾಗೆ ಯಾಕೆ ಮಾಡಿತು ಎಂಬುದು ಅರ್ಥವಾಗುತ್ತದೆ. ಆ ವರ್ಷವೂ ತಂಡ ಮಿತಿಯ ಮೇಲೇ ಇತ್ತು. ಅದೇ ತಂಡ ಮತ್ತೆ ಫೈನಲ್ ಗೆದ್ದುಬಿಟ್ಟರೆ ಮರ್ಯಾದೆ ಏನು ಉಳಿಯುತ್ತದೆ? ಆದರೆ ದಾರಿ ಬೇರೆ ಇತ್ತು. ಮೊದಲು ಮಿತಿಯೊಳಗೆ ಬನ್ನಿ, ಬಂದ ದಿನದಿಂದ ನಿಮ್ಮ ಗೆಲುವಿಗೆ ಪಾಯಿಂಟ್ ಕೊಡುತ್ತೇವೆ ಅನ್ನಬಹುದಿತ್ತು. ಆರು ವರ್ಷ ಬಿಟ್ಟು ಇದೇ ಲೀಗ್ ಪ್ಯಾರಾಮ್ಯಾಟಾ ಕ್ಲಬ್‌ಗೆ ಅದನ್ನೇ ಹೇಳಿತು. ಹಾಗೆ ಹೇಳದೆ ಹೋದದ್ದರಿಂದ ಏನಾಯಿತು? ಮೋಸದ ಮುಖ್ಯ ಸೂತ್ರಧಾರ ಎಂದು ಲೀಗ್ ಬೊಟ್ಟು ಮಾಡಿದ ಹಳೆಯ ಮುಖ್ಯಸ್ಥರು ಅಷ್ಟರಲ್ಲಿ ಬೇರೆ ಆಟದ ಬೇರೆ ಕ್ಲಬ್‌ಗೆ ಹೋಗಿ ಕೂತಿದ್ದರು, ಸುದ್ದಿ ಹೊರಬಿದ್ದ ಮೇಲೆ ಆ ಕೆಲಸವನ್ನೂ ಬಿಟ್ಟರು. ವರ್ಷವಿಡೀ ಏಟು ತಿಂದು, ಬಿದ್ದು ಎದ್ದು, ಸೊನ್ನೆಗಾಗಿ ಆಡಿದವರು ಮಾತ್ರ ಆ ಹುಡುಗರು. ಅವರಲ್ಲಿ ಹೊಸದಾಗಿ ಕನಿಷ್ಠ ಸಂಬಳಕ್ಕೆ ಸೇರಿದವರೂ ಇದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ.

ಇಂಥದ್ದು ಇದೇ ಮೊದಲೂ ಅಲ್ಲ. 2002ರಲ್ಲಿ ಕ್ಯಾಂಟರ್‌ಬರಿ ಬುಲ್‌ಡಾಗ್ಸ್ ಸತತ 17 ಪಂದ್ಯ ಗೆದ್ದು ಟೇಬಲ್‌ನ ತುದಿಯಲ್ಲಿತ್ತು. ಆಗಸ್ಟ್‌ನಲ್ಲಿ ಪತ್ರಿಕೆಯೊಂದು ಅದರ ಲೆಕ್ಕ ಬಯಲು ಮಾಡಿತು. ಲೀಗ್ 37 ಪಾಯಿಂಟ್ ಕಿತ್ತುಕೊಂಡಿತು, 5 ಲಕ್ಷ ಡಾಲರ್ ದಂಡ ಹಾಕಿತು. ಮೊದಲ ಸ್ಥಾನದಿಂದ ನೇರವಾಗಿ ಕೊನೆಯ ಸ್ಥಾನ. ಎರಡೇ ವರ್ಷಕ್ಕೆ, 2004ರಲ್ಲಿ, ಅದೇ ಕ್ಲಬ್ ಫೈನಲ್‌ನಲ್ಲಿ ರೂಸ್ಟರ್ಸನ್ನು 16-13ರಿಂದ ಸೋಲಿಸಿ ಚಾಂಪಿಯನ್ ಆಯಿತು. ನ್ಯೂಜಿಲೆಂಡ್ ವಾರಿಯರ್ಸ್ ಸಿಕ್ಕಿಬಿದ್ದಾಗ ಅವರು 2006ರ ಸೀಸನ್ನನ್ನೇ ಮೈನಸ್ 4 ಪಾಯಿಂಟ್‌ನಿಂದ ಶುರು ಮಾಡಬೇಕಾಯಿತು. ಇಂಗ್ಲೆಂಡಿನ ಸೂಪರ್ ಲೀಗ್‌ನಲ್ಲಿ ವಿಗನ್‌ಗೆ 2007ರಲ್ಲಿ 4 ಪಾಯಿಂಟ್ ಕಡಿತವಾಯಿತು. ಆ ವರ್ಷ ವಿಗನ್ ಪ್ಲೇ-ಆಫ್‌ಗೆ ಹೋಗಿ, ಗ್ರ್ಯಾಂಡ್ ಫೈನಲ್‌ಗೆ ಒಂದೇ ಪಂದ್ಯ ಬಾಕಿ ಇರುವಲ್ಲಿಯವರೆಗೂ ಬಂತು. ಅಷ್ಟು ಹಗುರದ ಶಿಕ್ಷೆಗೆ ಯಾರು ಹೆದರುತ್ತಾರೆ?

ರಗ್ಬಿ ಯೂನಿಯನ್‌ನಲ್ಲೂ ಇದೇ ಕಥೆ. ಲಂಡನ್ನಿನ ಸಾರಸೆನ್ಸ್ ಕ್ಲಬ್‌ನ ಮಾಲೀಕರು ಆಟಗಾರರ ಜೊತೆ ಸೇರಿ ಆಸ್ತಿಗಳಲ್ಲಿ ಹಣ ಹೂಡಿದ್ದರು. ಅದು ಸಂಬಳವಲ್ಲ, ವ್ಯಾಪಾರ ಎಂಬುದು ಅವರ ವಾದ. ಅದನ್ನು ಯಾರೂ ಒಪ್ಪಲಿಲ್ಲ. 2019ರಲ್ಲಿ 35 ಪಾಯಿಂಟ್ ಕಡಿತ, 53 ಲಕ್ಷ 60 ಸಾವಿರ ಪೌಂಡ್ ದಂಡ. 2020ರ ಜನವರಿಯಲ್ಲಿ ಕೆಳಗಿನ ದರ್ಜೆಗೆ ಇಳಿಸುವ ತೀರ್ಮಾನವೂ ಆಯಿತು. ಆದರೆ 2018, 2019ರ ಪ್ರಶಸ್ತಿಗಳು ಅವರ ಹತ್ತಿರವೇ ಉಳಿದವು.

ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಎಷ್ಟು ಮೋಸ ಮಾಡಿದಿರಿ ಎಂಬುದರಷ್ಟೇ, ಯಾವಾಗ ಸಿಕ್ಕಿಬಿದ್ದಿರಿ ಎಂಬುದೂ ಶಿಕ್ಷೆಯನ್ನು ತೀರ್ಮಾನಿಸುತ್ತಿದೆ. ಬುಲ್‌ಡಾಗ್ಸ್ ಫೈನಲ್‌ಗೆ ಮುಂಚೆ ಸಿಕ್ಕಿಬಿದ್ದದ್ದರಿಂದ ಒಂದು ಸೀಸನ್ ಕಳೆದುಕೊಂಡಿತು. ಸ್ಟಾರ್ಮ್ ಕಪ್ ಗೆದ್ದ ಮೇಲೆ ಸಿಕ್ಕಿಬಿದ್ದದ್ದರಿಂದ ಇತಿಹಾಸವನ್ನೇ ಅಳಿಸಬೇಕಾಯಿತು. ಪಾಯಿಂಟ್ ಕಡಿತವೂ ಅಷ್ಟೇ. ಸೀಸನ್ ಮಧ್ಯದಲ್ಲಿ 12 ಪಾಯಿಂಟ್ ಹೋದರೆ ಪ್ರಾಣ ಹೋದ ಹಾಗೆ. ಸೀಸನ್ ಮುಗಿದ ಮೇಲಾದರೆ ಬರೀ ಅಂಕಿ.

ಪ್ಯಾರಾಮ್ಯಾಟಾ ಈಲ್ಸ್ ಸಿಕ್ಕಿಬಿದ್ದದ್ದು ಸೀಸನ್ ನಡುವೆ, 2016ರ ಮೇ ತಿಂಗಳಲ್ಲಿ. ಅಲ್ಲಿನ ದಾರಿ ಇನ್ನೂ ನಾಜೂಕು. ಕ್ಲಬ್‌ಗೆ ಸಾಮಾನು, ಸೇವೆ ಕೊಡುವವರು ಜಾಸ್ತಿ ಮೊತ್ತದ ಬಿಲ್ ಹಾಕುವುದು. ಕ್ಲಬ್ ಅದನ್ನು ಕಟ್ಟುವುದು. ಹೆಚ್ಚಾದ ಹಣ ಸುತ್ತಿಕೊಂಡು ಆಟಗಾರನಿಗೆ ಮುಟ್ಟುವುದು. 2013ರಿಂದ ಸುಮಾರು 30 ಲಕ್ಷ ಡಾಲರ್ ಮಿತಿ ಮೀರಿತ್ತು ಎಂದು ಲೀಗ್ ಹೇಳಿತು. 12 ಪಾಯಿಂಟ್ ಕಡಿತ, 10 ಲಕ್ಷ ಡಾಲರ್ ದಂಡ. ಇವುಗಳಿಗಿಂತ ನನಗೆ ಮುಖ್ಯ ಅನಿಸಿದ್ದು ಮೂರನೆಯ ಹೆಜ್ಜೆ. ಅಧ್ಯಕ್ಷರೂ ಸೇರಿ ಐವರು ಅಧಿಕಾರಿಗಳ ನೋಂದಣಿಯನ್ನೇ ಲೀಗ್ ರದ್ದು ಮಾಡಿತು. ಪತ್ರಕ್ಕೆ ಸಹಿ ಹಾಕಿದ ಕೈಗೇ ಪೆಟ್ಟು ಬಿತ್ತು.

ಅಷ್ಟಾದರೂ ಆಟಗಾರರು ಪಾರಾಗಲಿಲ್ಲ. ಮಿತಿಯೊಳಗೆ ಬರಲು ಸೀಸನ್ ನಡುವೆಯೇ ಯಾರನ್ನಾದರೂ ಕಳಿಸಬೇಕಿತ್ತು. ಹೊರಟವರು ನೇಥನ್ ಪೀಟ್ಸ್. ಕ್ಲಬ್‌ಗಾಗಿ ಮೈಮುರಿದು ಆಡುತ್ತಿದ್ದ, ಜನರ ಪ್ರೀತಿಯ ಆಟಗಾರ. ಯಾವ ತಪ್ಪೂ ಮಾಡದೆ, ಲೆಕ್ಕ ಸರಿಮಾಡುವ ಸಲುವಾಗಿ ಗೋಲ್ಡ್ ಕೋಸ್ಟ್ ಟೈಟನ್ಸ್ ಸೇರಬೇಕಾಯಿತು. ವರ್ಷದ ನಡುವೆ ಮನೆ ಬದಲಿಸುವುದು, ಹೊಸ ಊರು, ಹೊಸ ತಂಡ. ಪಾಯಿಂಟ್ ಟೇಬಲ್‌ನಲ್ಲಿ ಇದಕ್ಕೆ ಕಾಲಂ ಇಲ್ಲ.

ಇನ್ನು ಮೂರನೆಯವರ ಹಣದ ವಿಷಯ. ಲೀಗ್‌ನಲ್ಲಿ ಇದನ್ನು ಥರ್ಡ್ ಪಾರ್ಟಿ ಅಗ್ರಿಮೆಂಟ್ ಅನ್ನುತ್ತಾರೆ. ಒಂದು ಕಾರ್ ಶೋರೂಮ್ ಆಟಗಾರನನ್ನು ಜಾಹೀರಾತಿಗೆ ಹಾಕಿಕೊಂಡು ಹಣ ಕೊಟ್ಟರೆ ಅದು ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಷರತ್ತು ಇದೆ. ಆ ಒಪ್ಪಂದದಲ್ಲಿ ಕ್ಲಬ್‌ನ ಕೈ ಇರಬಾರದು, ಲೀಗ್‌ನಲ್ಲಿ ನೋಂದಣಿ ಆಗಿರಬೇಕು. ಇದು ನ್ಯಾಯವೇ. ಒಬ್ಬ ಮನುಷ್ಯ ತನ್ನ ಹೆಸರಿನಿಂದ ದುಡಿಯುವುದನ್ನು ಯಾಕೆ ತಡೆಯಬೇಕು? ತೊಂದರೆ ಶುರುವಾಗುವುದು ಕ್ಲಬ್‌ನವರು ಹಿಂದೆ ನಿಂತು ಇಂಥ ಒಪ್ಪಂದ ಕುದುರಿಸಿದಾಗ. ನಮ್ಮಲ್ಲಿ ಸಂಬಳ ಕಡಿಮೆ, ಆದರೆ ನಮ್ಮ ಪ್ರಾಯೋಜಕರು ನೋಡಿಕೊಳ್ಳುತ್ತಾರೆ ಎಂಬ ಮಾತು ಬಂದ ಕೂಡಲೇ ಆ ಮಿತಿಗೆ ಅರ್ಥ ಉಳಿಯುವುದಿಲ್ಲ. 2018ರಲ್ಲಿ ಮ್ಯಾನ್ಲಿ ಕ್ಲಬ್‌ಗೆ 7 ಲಕ್ಷ 50 ಸಾವಿರ ಡಾಲರ್ ದಂಡ ಬಿತ್ತು. ಜೊತೆಗೆ ಮುಂದಿನ ಎರಡು ವರ್ಷಗಳ ಮಿತಿಯಿಂದಲೇ 6 ಲಕ್ಷ 60 ಸಾವಿರ ಕತ್ತರಿಸಿದರು. ಕ್ರೊನುಲ್ಲಾ ಕ್ಲಬ್‌ನ ಹೊಸ ಆಡಳಿತ ಹಳೆಯ ಲೆಕ್ಕ ತಾನೇ ಮುಂದೆ ಬಂದು ಒಪ್ಪಿಸಿತು. ಅವರಿಗೂ ದಂಡ ಬಿತ್ತು, ಆದರೆ 2016ರ ಪ್ರಶಸ್ತಿ ಉಳಿಯಿತು.

ಮಿತಿಯಿಂದಲೇ ಕತ್ತರಿಸುವ ಈ ಕ್ರಮ ನನಗೆ ಸರಿ ಕಾಣುತ್ತದೆ. ಮೋಸದಿಂದ ಸಿಕ್ಕ ಅನುಕೂಲ ಯಾವುದೋ, ಅದನ್ನೇ ವಾಪಸ್ ತೆಗೆದುಕೊಂಡ ಹಾಗೆ. ಈಗ ಆಡುತ್ತಿರುವ ಹುಡುಗನ ಗೆಲುವನ್ನು ಅದು ಅಳಿಸುವುದಿಲ್ಲ.

ಐಪಿಎಲ್ ಜೊತೆ ಹೋಲಿಸಿದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನಮ್ಮಲ್ಲಿ ಬೆಲೆ ಕಟ್ಟುವುದು ಎಲ್ಲರ ಎದುರು, ಟಿವಿಯ ಮುಂದೆ. ಎನ್‌ಆರ್‌ಎಲ್‌ನಲ್ಲಿ ಕ್ಲಬ್‌ನವರು ಆಟಗಾರನ ಏಜೆಂಟ್ ಜೊತೆ ಮುಚ್ಚಿದ ಬಾಗಿಲ ಹಿಂದೆ ಮಾತಾಡುತ್ತಾರೆ. ಯಾರಿಗೆ ಎಷ್ಟು ಎಂಬುದು ಅಧಿಕೃತವಾಗಿ ಹೊರಗೆ ಬರುವುದಿಲ್ಲ. ಹಾಗಂತ ನಮ್ಮಲ್ಲಿ ಬಾಗಿಲೇ ಮುಚ್ಚುವುದಿಲ್ಲ ಅಂತಲ್ಲ. ಸ್ಟಾರ್ಮ್ ಪ್ರಕರಣ ಬಯಲಾದ ಅದೇ 2010ರಲ್ಲಿ, ನಿಯಮ ಮೀರಿ ಬೇರೆ ತಂಡದ ಜೊತೆ ಮಾತುಕತೆ ನಡೆಸಿದ್ದಕ್ಕೆ ರವೀಂದ್ರ ಜಡೇಜಾ ಆ ವರ್ಷದ ಐಪಿಎಲ್ ಪೂರ್ತಿ ಆಡದ ಹಾಗಾಯಿತು. ಅಲ್ಲೂ ಹೊರಗೆ ಕೂತದ್ದು ಆಟಗಾರ.

ಎಲ್ಲ ಕ್ಲಬ್‌ಗಳ ಎಲ್ಲ ಕರಾರುಗಳನ್ನೂ ಲೀಗ್ ಬಹಿರಂಗ ಮಾಡಿಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ ಎಂದು ನಾನು ನಂಬಿದ್ದೇನೆ. ಸಂಬಳ ಖಾಸಗಿ ವಿಷಯ ಎಂದು ಆಟಗಾರರು ಹೇಳಬಹುದು, ಅದರಲ್ಲೂ ಹುರುಳಿದೆ. ಆದರೆ ಆಟಗಾರನ ಮಾರುಕಟ್ಟೆ ಬೆಲೆ ಎಷ್ಟು ಎಂಬುದು ಎದುರು ಕ್ಲಬ್‌ಗಳಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ತೋರಿಸಿದ ಅಂಕಿ ಅದಕ್ಕಿಂತ ತೀರಾ ಕಮ್ಮಿ ಇದ್ದರೆ ಮೊದಲ ವರ್ಷವೇ ಪ್ರಶ್ನೆ ಬರುತ್ತದೆ. ಐದು ವರ್ಷ ಕಾಯಬೇಕಾಗಿಲ್ಲ. ಈಗ ಆಗುತ್ತಿರುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ.

ಇದನ್ನು ಈಗ ಮಾತಾಡಬೇಕಾದ ಕಾರಣವೂ ಇದೆ. 2028ರಲ್ಲಿ ಪಪುವಾ ನ್ಯೂಗಿನಿಯ ತಂಡವೊಂದು ಎನ್‌ಆರ್‌ಎಲ್‌ಗೆ ಬರಲಿದೆ. ರಗ್ಬಿ ಲೀಗ್ ಆ ದೇಶದ ಪಂಚಪ್ರಾಣ. ಆಸ್ಟ್ರೇಲಿಯಾ ಸರ್ಕಾರ ಹತ್ತು ವರ್ಷಕ್ಕೆ 60 ಕೋಟಿ ಡಾಲರ್ ಕೊಡುವುದಾಗಿ ಹೇಳಿದೆ. ಪೆಸಿಫಿಕ್ ದ್ವೀಪಗಳಲ್ಲಿ ಚೀನಾದ ಪ್ರಭಾವ ತಡೆಯುವ ರಾಜಕೀಯವೂ ಅದರಲ್ಲಿದೆ. ಆಟಗಾರರನ್ನು ಪೋರ್ಟ್ ಮೋರ್ಸ್‌ಬಿಗೆ ಸೆಳೆಯಲು ಅಲ್ಲಿನ ಸರ್ಕಾರ ಅವರ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ ಎಂದಿದೆ.

ಲೆಕ್ಕ ಹಾಕಿ ನೋಡಿ. ಆಸ್ಟ್ರೇಲಿಯಾದಲ್ಲಿ ಮೇಲಿನ ಹಂತದ ತೆರಿಗೆ 45 ಪರ್ಸೆಂಟ್. ಸಿಡ್ನಿಯಲ್ಲಿ 10 ಲಕ್ಷ ಡಾಲರ್ ಕರಾರು ಮಾಡಿದವನ ಕೈಗೆ ಬರುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಪೋರ್ಟ್ ಮೋರ್ಸ್‌ಬಿಯಲ್ಲಿ 10 ಲಕ್ಷವೂ ಅವನದ್ದೇ. ಮಿತಿಯ ಪುಸ್ತಕದಲ್ಲಿ ಎರಡೂ ಒಂದೇ ಅಂಕಿ. ಹಾಗಾದರೆ ಎಲ್ಲರಿಗೂ ಒಂದೇ ಮಿತಿ ಎಂಬ ಮಾತು ಎಲ್ಲಿ ಉಳಿಯಿತು?

ನನ್ನ ಮಟ್ಟಿಗೆ ಇದು ಸ್ಟಾರ್ಮ್ ಮಾಡಿದ್ದಕ್ಕೆ ಸಮ ಅಲ್ಲ. ಇಲ್ಲಿ ಅಸಮಾನತೆ ಇದೆ, ಆದರೆ ಎಲ್ಲರ ಕಣ್ಣೆದುರು ಇದೆ. ಯಾರಿಗೆ ಏನು ಸಿಗುತ್ತದೆ, ಯಾಕೆ ಸಿಗುತ್ತದೆ ಎಂಬುದು ಮೊದಲೇ ಎಲ್ಲ ಕ್ಲಬ್‌ಗಳಿಗೂ ಗೊತ್ತು. ಬೇಡ ಅನ್ನುವವರು ವಾದ ಮಾಡಬಹುದು, ತಯಾರಿ ಮಾಡಿಕೊಳ್ಳಬಹುದು. ಹೊಸ ದೇಶದಲ್ಲಿ, ಮನೆಯಿಂದ ದೂರ ಬಂದು ಆಡುವವನಿಗೆ ಅಷ್ಟು ಅನುಕೂಲ ಕೊಟ್ಟರೆ ತಪ್ಪಿಲ್ಲ ಎಂದೇ ನನಗೆ ಅನಿಸುತ್ತದೆ. ಮುಚ್ಚಿಟ್ಟ ಪತ್ರ ಆ ಅವಕಾಶವನ್ನೇ ಕೊಡುವುದಿಲ್ಲ. ಎದುರಾಳಿಗೆ ತಾನು ಯಾಕೆ ಸೋತೆ ಎಂಬುದೂ ತಿಳಿಯುವುದಿಲ್ಲ. ಇನ್ನೂ ಗಟ್ಟಿಯಾಗಿ ಓಡಬೇಕಿತ್ತೇನೋ, ಆ ಒಂದು ಟ್ಯಾಕಲ್ ಬಿಡಬಾರದಿತ್ತೇನೋ ಅಂತ ಅವನು ತನ್ನನ್ನೇ ಹಳಿದುಕೊಳ್ಳುತ್ತಾ ಇರುತ್ತಾನೆ.

ಸ್ಟಾರ್ಮ್ ಬಲೆಯಿಂದ ಬಿಡಿಸಿಕೊಂಡ ಆಟಗಾರರು ಹೋದ ಕಡೆ ಏನಾಯಿತು ಎಂಬುದನ್ನೂ ನೋಡಬೇಕು. ಮಿತಿಯೊಳಗೆ ಬರಲು ಕ್ಲಬ್ ಹಲವರನ್ನು ಬಿಟ್ಟಿತು. ಇಂಗ್ಲಿಸ್ 2011ರಲ್ಲಿ ಸೌತ್ ಸಿಡ್ನಿ ಸೇರಿದರು. 1971ರಿಂದ ಒಂದೂ ಕಪ್ ಕಾಣದಿದ್ದ ಆ ಹಳೆಯ ಕ್ಲಬ್ 2014ರಲ್ಲಿ ಗೆದ್ದಿತು. 43 ವರ್ಷ ಕಾದ ಜನ ಆ ದಿನ ಅತ್ತರು. ಸ್ಮಿತ್, ಸ್ಲೇಟರ್, ಕ್ರಾಂಕ್ ಮೆಲ್ಬರ್ನ್‌ನಲ್ಲೇ ಉಳಿದು 2012ರಲ್ಲಿ ಬುಲ್‌ಡಾಗ್ಸ್ ವಿರುದ್ಧ 14-4ರಿಂದ ಗೆದ್ದರು. ಈ ಸಲ ಮಿತಿಯೊಳಗೆ. ಅಂದರೆ ಆ ಮೋಸ ಇಲ್ಲದೆಯೂ ಅವರು ಗೆಲ್ಲುವ ಶಕ್ತಿ ಇದ್ದವರೇ. ಅದನ್ನು ನೆನೆದರೆ ಬೇಜಾರು ಇನ್ನೂ ಜಾಸ್ತಿಯಾಗುತ್ತದೆ.

ಆದರೆ 2007ರಲ್ಲಿ 34-8ರಿಂದ ಸೋತ ಮ್ಯಾನ್ಲಿಗೆ ಏನು ಸಿಕ್ಕಿತು? 2009ರಲ್ಲಿ 23-16ರಿಂದ ಸೋತ ಪ್ಯಾರಾಮ್ಯಾಟಾಗೆ? ಆ ಎರಡು ವರ್ಷದ ಪ್ರಶಸ್ತಿ ಯಾರಿಗೂ ಕೊಡಲಿಲ್ಲ. ಖಾಲಿ ಬಿಟ್ಟರು. ರನ್ನರ್ ಅಪ್ ಆದವರನ್ನೇ ಚಾಂಪಿಯನ್ ಅಂದುಬಿಡುವುದೂ ಸರಿಯಲ್ಲ ನಿಜ. ಸೆಮಿಫೈನಲ್‌ನಲ್ಲಿ ಸೋತವರು ಕೇಳಬಹುದು, ಅದಕ್ಕೂ ಮುಂಚೆ ಸೋತವರು ಕೇಳಬಹುದು. ಮ್ಯಾನ್ಲಿ 2008ರಲ್ಲಿ ಅದೇ ಸ್ಟಾರ್ಮ್ ತಂಡವನ್ನು 40-0ರಿಂದ ಹೊಡೆದು ಕಪ್ ಎತ್ತಿತು. ಅವರಿಗೆ ಅಷ್ಟು ಸಮಾಧಾನವಾದರೂ ಇದೆ.

ಪ್ಯಾರಾಮ್ಯಾಟಾ ಕೊನೆಯ ಸಲ ಗೆದ್ದದ್ದು 1986ರಲ್ಲಿ. 2009ರಲ್ಲಿ ಅದು ಎಂಟನೇ ಸ್ಥಾನದಿಂದ ಒದ್ದಾಡಿಕೊಂಡು ಫೈನಲ್ ತಲುಪಿತ್ತು. ಆ ತಂಡದಲ್ಲಿ ನೇಥನ್ ಹಿಂಡ್‌ಮಾರ್ಷ್ ಇದ್ದರು. 1998ರಿಂದ ಒಂದೇ ಕ್ಲಬ್‌ಗೆ ಆಡಿದವರು, ಪಂದ್ಯ ಪೂರ್ತಿ ಹಿಡಿಯುತ್ತಾ ಬೀಳುತ್ತಾ ಇರುವ ಕೆಲಸ ಅವರದ್ದು. 2001ರ ಫೈನಲ್‌ನಲ್ಲಿ ನ್ಯೂಕಾಸಲ್ ವಿರುದ್ಧ ಸೋತಿದ್ದರು. ಎಂಟು ವರ್ಷ ಬಿಟ್ಟು ಮತ್ತೆ ಸಿಕ್ಕ ಅವಕಾಶ ಅದು. ಎದುರಿಗೆ ಮಿತಿ ಮೀರಿದ ಸ್ಟಾರ್ಮ್. ಏಳು ಪಾಯಿಂಟ್‌ನಿಂದ ಸೋತರು. 2012ರಲ್ಲಿ, 330 ಪಂದ್ಯ ಆಡಿ, ಒಂದೂ ಕಪ್ ಇಲ್ಲದೆ ನಿವೃತ್ತರಾದರು. ದಾಖಲೆ ಪುಸ್ತಕದಲ್ಲಿ 2009ರ ವಿಜೇತರ ಜಾಗ ಇವತ್ತಿಗೂ ಖಾಲಿ ಇದೆ. ಪ್ಯಾರಾಮ್ಯಾಟಾ ಇವತ್ತಿಗೂ ರನ್ನರ್ ಅಪ್.